ಬಟನ್ ಒತ್ತಿದರೂ ಟಾಪ್ ಅಲುಗುತ್ತಿಲ್ಲವೇ? ಮೊದಲು ಡಿಕ್ಕಿ ತೆರೆಯಿರಿ

ಭಾನುವಾರ ಬೆಳಕು ಹರಿಯುವ ಮುಂಚೆಯೇ ನಂದಿ ಕ್ರಾಸ್ ಕಡೆ ಕಾರುಗಳ ಸಾಲು ಶುರುವಾಗುತ್ತದೆ. ಆ ಸಾಲಿನಲ್ಲಿ ಬಟನ್ ಒತ್ತಿದರೆ ಚಾವಣಿ ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆ ಟಾಪಿನ ಕಾರುಗಳೂ ಒಂದೆರಡು ಇದ್ದೇ ಇರುತ್ತವೆ. 1478 ಮೀಟರ್ ಎತ್ತರದ ಬೆಟ್ಟ, ಮುಖಕ್ಕೆ ಬಡಿಯುವ ಮಂಜು, ತಲೆಯ ಮೇಲೆ ಬರೀ ಆಕಾಶ. ಇದು ಬೇಡ ಅನ್ನುವವರು ಯಾರಿದ್ದಾರೆ? ವಾಪಸ್ ಬರುವಾಗ ಅವುಗಳಲ್ಲಿ ಕೆಲವು ಚಿಕ್ಕಬಳ್ಳಾಪುರದಲ್ಲಿ ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲುತ್ತವೆ. ನನ್ನದು ಕಾರುಗಳ ವೈರಿಂಗ್ ಕೆಲಸ. ಬಟ್ಟೆ ಟಾಪಿನ ಕಾರುಗಳನ್ನು ಬಿಚ್ಚಿ, ಜೋಡಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿಯ ಒಂದು ಭಾನುವಾರ ಬೆಂಗಳೂರಿನ ಅಪ್ಪ, ಮಗಳು ಬಂದಿದ್ದರು. ಮಗಳಿಗೆ ಹತ್ತು ವರ್ಷ ಇರಬಹುದು. ಬೆಟ್ಟ ಹತ್ತಿದ್ದೂ ಇಳಿದಿದ್ದೂ ಟಾಪ್ ಮುಚ್ಚಿಕೊಂಡೇ. "ಅಣ್ಣಾ, ಹೋದ ವಾರ ಚೆನ್ನಾಗಿತ್ತು. ಇವತ್ತು ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಫೋನ್ ಮಾಡಿ ಕೇಳಿದರೆ ಟಾಪ್ ಎತ್ತುವ ಪಂಪ್ ಹೋಗಿರಬಹುದು, ಪೂರ್ತಿ ಬದಲಾಯಿಸಬೇಕು ಅಂದರು" ಎಂದು ಆ ಅಪ್ಪ ಹೇಳಿದರು. ನಾನು ಡಿಕ್ಕಿ ತೆಗೆಯಿರಿ ಎಂದೆ. ಒಳಗೆ ದಾರಿಯಲ್ಲಿ ಕೊಂಡ ದ್ರಾಕ್ಷಿ ಬಾಕ್ಸ್ ಇತ್ತು. ಅದು ಒಂದು ಬೆರಳಿನಷ್ಟು ಎತ್ತರ ಜಾಸ್ತಿ. ಮಡಚಿದ ಟಾಪ್ ಕೂರುವ ಜಾಗಕ್ಕೆ ಸಾಮಾನು ಬಾರದಂತೆ ಡಿಕ್ಕಿಯೊಳಗೆ ಅಡ್ಡಲಾಗಿ ಎಳೆದುಕೊಳ್ಳುವ ಪರದೆ ಆ ಬಾಕ್ಸಿಗೆ ತಗಲಿ, ಬಲಗಡೆ ತನ್ನ ಗೂಡಿನಿಂದ ಹೊರಗೆ ಬಂದಿತ್ತು. ಬಾಕ್ಸನ್ನು ಹಿಂದಿನ ಸೀಟಿಗೆ ಹಾಕಿಸಿದೆ. ಪರದೆ ಎಳೆದು ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿದೆ. ಬಟನ್ ಒತ್ತಿದರೆ ಟಾಪ್ ಎದ್ದು ಹಿಂದಕ್ಕೆ ಮಡಚಿಕೊಂಡಿತು. ಮಗು ಚಪ್ಪಾಳೆ ತಟ್ಟಿತು. ಪಂಪಿಗೆ ಏನೂ ಆಗಿರಲಿಲ್ಲ.

ಇಂಥದ್ದು ಮತ್ತೆ ಮತ್ತೆ ನೋಡಿದ್ದೇನೆ. ಟಾಪ್ ನಿಂತರೆ ಎಲ್ಲರೂ ಪಂಪನ್ನೇ ಬೈಯುತ್ತಾರೆ. ಆದರೆ ಮೊದಲು ಅನುಮಾನ ಪಡಬೇಕಾದದ್ದು ಮೂರನ್ನು: ಡಿಕ್ಕಿಯ ಸಾಮಾನು, ಸೊರಗಿದ ಬ್ಯಾಟರಿ, ನಿಂತ ನೀರು. ಪಂಪ್ ನಿಜವಾಗಿ ಸತ್ತಿದ್ದರೂ ಅದನ್ನು ಕೊಂದಿರುವುದು ಎಷ್ಟೋ ಸಲ ಆ ನೀರೇ.

ಒಳಗೆ ನಡೆಯುವುದೇನು

ಬಟನ್ ಒತ್ತಿದ ತಕ್ಷಣ ಕರೆಂಟ್ ನೇರವಾಗಿ ಮೋಟಾರಿಗೆ ಹೋಗುವುದಿಲ್ಲ. ನಡುವೆ ಒಂದು ಕಂಟ್ರೋಲ್ ಯೂನಿಟ್ ಕೂತಿರುತ್ತದೆ. ಡಿಕ್ಕಿ ಮುಚ್ಚಿದೆಯಾ, ಪರದೆ ಜಾಗದಲ್ಲಿದೆಯಾ, ಗಾಜು ಇಳಿದಿದೆಯಾ, ಗಾಡಿಯ ವೇಗ ಎಷ್ಟು, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅದು ಒಂದೊಂದಾಗಿ ಕೇಳುತ್ತದೆ. ಉತ್ತರ ಹೇಳುವುದು ಅಲ್ಲಲ್ಲಿ ಕೂರಿಸಿರುವ ಪುಟ್ಟ ಮೈಕ್ರೋ ಸ್ವಿಚ್‌ಗಳು, ಸೆನ್ಸರ್‌ಗಳು. ಒಂದೇ ಒಂದು ಸ್ವಿಚ್ 'ಇಲ್ಲ' ಅಂದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಲ್ಲವೂ ಸರಿ ಇದ್ದರೆ ಮೋಟಾರ್ ಪಂಪನ್ನು ತಿರುಗಿಸುತ್ತದೆ. ಪಂಪ್ ಆಯಿಲನ್ನು ಸಿಲಿಂಡರಿಗೆ ತಳ್ಳುತ್ತದೆ. ಸಿಲಿಂಡರಿನ ರಾಡ್ ಟಾಪಿನ ಫ್ರೇಮನ್ನು ಎತ್ತುತ್ತದೆ. ಜೆಸಿಬಿ ತೋಳು ಏಳುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ, ಗಾತ್ರ ಮಾತ್ರ ಚಿಕ್ಕದು. ಈಚಿನ ಕೆಲವು ಕಾರುಗಳಲ್ಲಿ ಆಯಿಲೇ ಇರುವುದಿಲ್ಲ, ಬರೀ ಎಲೆಕ್ಟ್ರಿಕ್ ಮೋಟಾರುಗಳೇ ಎಲ್ಲ ಮಾಡುತ್ತವೆ. ನಿಮ್ಮದು ಯಾವ ತರಹದ್ದು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರಲಿ. ಟಾಪ್ ನಿಂತಾಗ ನೀವು ಮನೆಯಲ್ಲಿರುವುದಿಲ್ಲ, ರಸ್ತೆಯಲ್ಲಿರುತ್ತೀರಿ.

ಟಾಪ್ ನಿಂತಾಗ

ಎಲ್ಲಕ್ಕಿಂತ ಮೊದಲ ಮಾತು: ಕೈಯಿಂದ ಎಳೆಯಬೇಡಿ, ತಳ್ಳಬೇಡಿ. ಫ್ರೇಮಿನ ಕೀಲುಗಳು ಅಡಕತ್ತರಿ ಇದ್ದ ಹಾಗೆ. ಮಕ್ಕಳು ಕಾರಿನಲ್ಲಿದ್ದರೆ ಇಳಿಸಿಬಿಡಿ. ಟಾಪ್ ಅರ್ಧಕ್ಕೆ ನಿಂತಿದ್ದರೆ ಅದರ ಕೆಳಗೆ ತಲೆ, ಕೈ ಇಡಬೇಡಿ. ಆಯಿಲಿನ ಒತ್ತಡ ನಿಧಾನವಾಗಿ ಇಳಿದು ಫ್ರೇಮ್ ತಾನಾಗಿಯೇ ಕೆಳಗೆ ಬೀಳಬಹುದು.

ಈಗ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಓಡುವಾಗಲೂ ಟಾಪ್ ತೆರೆಯಬಹುದು. ಮಿನಿ ಕನ್ವರ್ಟಿಬಲ್‌ನಲ್ಲಿ ಗಂಟೆಗೆ 30 ಕಿ.ಮೀ.ವರೆಗೆ, ಆಡಿ ಎ3 ಕ್ಯಾಬ್ರಿಯೊಲೆಯಲ್ಲಿ 50ರವರೆಗೆ. ಹಳೆಯ ಗಾಡಿಗಳಲ್ಲಿ ಪೂರ್ತಿ ನಿಂತಿರಲೇಬೇಕು, ಕೆಲವದರಲ್ಲಿ ಹ್ಯಾಂಡ್ ಬ್ರೇಕ್ ಕೂಡ ಹಾಕಿರಬೇಕು. ಯಾವ ಗಾಡಿಯಾದರೂ ನಿಂತೇ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಹಳ್ಳ, ಹಂಪ್ ಇರುವ ರಸ್ತೆಯಲ್ಲಿ ಅರ್ಧ ಎದ್ದ ಫ್ರೇಮ್ ಕುಲುಕಿದರೆ ಕೀಲುಗಳಿಗೆ ಪೆಟ್ಟು.

ಎಂಜಿನ್ ಸ್ಟಾರ್ಟ್‌ನಲ್ಲೇ ಇರಲಿ. ಡಿಕ್ಕಿ ತೆರೆದು, ಪರದೆ ಎರಡೂ ಕಡೆ ಕೂತಿದೆಯಾ ನೋಡಿ. ಅದರ ಮೇಲೆ ಕೊಡೆ, ಜಾಕೆಟ್ ಏನಾದರೂ ಇದ್ದರೆ ತೆಗೆಯಿರಿ. ಡಿಕ್ಕಿಯನ್ನು ಗಟ್ಟಿಯಾಗಿ ಮುಚ್ಚಿ. ನಾಲ್ಕೂ ಗಾಜು ಇಳಿಸಿ. ಆಮೇಲೆ ಬಟನ್ ಒತ್ತಿ, ಒತ್ತಿಯೇ ಹಿಡಿದುಕೊಳ್ಳಿ. ಮುಗಿಯಿತು ಎಂದು ಸದ್ದೋ ದೀಪವೋ ಹೇಳುವವರೆಗೆ ಬೆರಳು ತೆಗೆಯಬೇಡಿ. ನಡುವೆ ಬೆರಳು ತೆಗೆದು ಟಾಪ್ ನಿಲ್ಲಿಸಿಕೊಂಡು "ಕೆಟ್ಟುಹೋಗಿದೆ" ಎಂದು ಬಂದವರೂ ಇದ್ದಾರೆ.

ಮನೆಯಲ್ಲಿ ಎಲ್ಲರಿಗೂ ತೋರಿಸಲು ನಾಲ್ಕೈದು ಸಲ ತೆರೆದು ಮುಚ್ಚಿದ್ದರೆ ಮೋಟಾರ್ ಬಿಸಿಯಾಗಿ ಯೂನಿಟ್ಟೇ ನಿಲ್ಲಿಸಿರಬಹುದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ಕಿವಿಯನ್ನು ಕೆಲಸಕ್ಕೆ ಹಚ್ಚಿ. ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಹಿಂಬದಿಯಲ್ಲಿ ನಿಂತು ಕೇಳಲಿ. ಯಾವ ಸದ್ದು ಬರುತ್ತದೆ ಅನ್ನುವುದರ ಮೇಲೆ ಮುಂದಿನ ದಾರಿ.

ಸದ್ದೇ ಇಲ್ಲ, ಅಥವಾ ಬರೀ ಟಿಕ್

ಇದು ಕರೆಂಟಿನ ವಿಷಯ. ಬ್ಯಾಟರಿಯಿಂದ ಶುರು ಮಾಡಿ. ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ ಸೊರಗಿರುತ್ತದೆ. ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಹಿಡಿಯಿರಿ. 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಸೆಲ್ಫ್ ಹೊಡೆದು ಎಂಜಿನ್ ಎದ್ದಿತು ಅಂದಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತ ಅಲ್ಲ. ಟಾಪಿನ ಪಂಪ್ ಹತ್ತಾರು ಆಂಪಿಯರ್ ಎಳೆಯುತ್ತದೆ. ವೋಲ್ಟ್ ಕುಸಿದ ತಕ್ಷಣ ಕಂಟ್ರೋಲ್ ಯೂನಿಟ್ ಕೈ ಬಿಡುತ್ತದೆ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ಇರಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದನ್ನೂ ತೆಗೆಯಿರಿ.

ಆಮೇಲೆ ಫ್ಯೂಸ್. ಪುಸ್ತಕದ ಚಿತ್ರ ನೋಡಿ ಟಾಪಿನ ಫ್ಯೂಸ್ ಹುಡುಕಿ. ಸುಟ್ಟಿದ್ದರೆ ಅದೇ ಆಂಪಿಯರಿನದ್ದೇ ಹಾಕಿ. ಅದೂ ಸುಟ್ಟರೆ ಮೂರನೆಯದು ಹಾಕಬೇಡಿ, ಎಲ್ಲೋ ವೈರ್ ಉಜ್ಜಿ ಬಾಡಿಗೆ ತಗಲುತ್ತಿದೆ ಅಥವಾ ಮೋಟಾರ್ ಜಾಮ್ ಆಗಿದೆ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ. ಆಯಿಲ್, ಬಟ್ಟೆ, ಸ್ಪಂಜು ಎಲ್ಲ ಒಂದೇ ಕಡೆ ಇರುವ ಜಾಗ ಅದು. ಬೆಂಕಿ ಹತ್ತಿದರೆ ಉಳಿಯುವುದಿಲ್ಲ.

ಟಿಕ್ ಅಂತ ಸದ್ದು ಬಂದು ಪಂಪ್ ಸುಮ್ಮನಿದ್ದರೆ ರಿಲೇ, ಅಂದರೆ ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್, ಕೆಲಸ ಮಾಡುತ್ತಿದೆ, ಕರೆಂಟ್ ಪಂಪಿನವರೆಗೆ ಹೋಗುತ್ತಿಲ್ಲ, ಅಥವಾ ಹೋದರೂ ಪಂಪ್ ತಿರುಗುತ್ತಿಲ್ಲ. ಇದನ್ನು ಟೆಸ್ಟರ್ ಹಿಡಿದು ನೋಡಬೇಕು, ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಪಂಪ್ ಗುಂಯ್ ಅನ್ನುತ್ತದೆ, ಟಾಪ್ ಏಳುವುದಿಲ್ಲ

ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಗಾಳಿ ಸೇರಿದೆ, ಇಲ್ಲವೇ ಯಾರೋ ಟಾಪನ್ನು ಕೈಯಿಂದ ಮುಚ್ಚಲು ಪಂಪಿನ ತುರ್ತು ವಾಲ್ವ್ ತೆರೆದು ಹಾಗೇ ಬಿಟ್ಟಿದ್ದಾರೆ. ಮೂರನೆಯದನ್ನು ಮೊದಲು ನೋಡಿ, ಖರ್ಚಿಲ್ಲದ ಕೆಲಸ.

ಆಯಿಲ್ ತಾನಾಗಿ ಆವಿಯಾಗಿ ಹೋಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ ಅಂತಲೇ ಅರ್ಥ. ಸಿಲಿಂಡರಿನ ರಾಡನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ತೆಳು ಪಸೆ ಇದ್ದರೆ ಪರವಾಗಿಲ್ಲ. ಹನಿ ಇದ್ದರೆ ಸೀಲ್ ಹೋಗಿದೆ. ಹಿಂದಿನ ಸೀಟಿನ ಅಕ್ಕಪಕ್ಕ, ಡಿಕ್ಕಿಯ ಮೂಲೆ, ವಿಂಡ್‌ಶೀಲ್ಡಿನ ಮೇಲಂಚಿನ ಲಾಕ್ ಹತ್ತಿರ ಕೈ ಆಡಿಸಿ. ಕೆಲವು ಕಾರುಗಳಲ್ಲಿ ಆ ಮೇಲಿನ ಲಾಕಿಗೂ ಒಂದು ಪುಟ್ಟ ಸಿಲಿಂಡರ್ ಇರುತ್ತದೆ. ಅದು ಸೋರಿದರೆ ಹನಿ ಬೀಳುವುದು ನಿಮ್ಮ ಅಂಗಿಯ ಮೇಲೆ.

ಯಾವ ಆಯಿಲ್ ಅನ್ನುವುದರಲ್ಲಿ ಮಾತ್ರ ಅಂದಾಜು ಕೂಡದು. ಎಷ್ಟೋ ಯುರೋಪಿನ ಕಾರುಗಳಿಗೆ ಪೆಂಟೋಸಿನ್ ಸಿಎಚ್ಎಫ್ 11ಎಸ್ ತರಹದ ಹಸಿರು ಹೈಡ್ರಾಲಿಕ್ ಆಯಿಲ್ ಬೇಕು. ಕೆಲವು ಅಮೆರಿಕನ್ ಗಾಡಿಗಳಿಗೆ ಗೇರ್‌ಬಾಕ್ಸಿನ ಕೆಂಪು ಎಟಿಎಫ್. ಎರಡನ್ನೂ ಬೆರೆಸಬಾರದು. "ಎಲ್ಲಾ ಆಯಿಲೂ ಒಂದೇ ಅಣ್ಣಾ" ಎಂದು ಬ್ರೇಕ್ ಆಯಿಲ್ ಹುಯ್ದರೆ ಈಗಿನ ಗಾಡಿಗಳ ಸೀಲುಗಳು ಊದಿಕೊಂಡು ಎಲ್ಲಾ ಸಿಲಿಂಡರೂ ಒಟ್ಟಿಗೆ ಹೋಗುತ್ತವೆ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟೂ ಹೋಗುತ್ತದೆ. ಅಳತೆಯನ್ನು ಟಾಪ್ ತೆರೆದು ನೋಡಬೇಕಾ, ಮುಚ್ಚಿ ನೋಡಬೇಕಾ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಪುಸ್ತಕದಲ್ಲಿ ಹೇಳಿದ ಹಾಗೆ ನೋಡಿ, ಇಲ್ಲದಿದ್ದರೆ ಜಾಸ್ತಿ ತುಂಬಿ ಉಕ್ಕಿಸುತ್ತೀರಿ. ತುಂಬಿದ ಮೇಲೆ ಟಾಪನ್ನು ಕೆಲವು ಸಲ ಪೂರ್ತಿ ತೆರೆದು ಮುಚ್ಚಿದರೆ ಸೇರಿದ ಗಾಳಿ ಸಾಮಾನ್ಯವಾಗಿ ತಾನೇ ಹೊರಗೆ ಬರುತ್ತದೆ. ನಡುನಡುವೆ ಮೋಟಾರಿಗೆ ವಿಶ್ರಾಂತಿ ಕೊಡಿ.

ಇನ್ನೊಂದು ಅಪಾಯದ ಗುರುತು ಇದೆ. ಒಂದು ಕಡೆ ಫ್ರೇಮ್ ಏಳುತ್ತಿದೆ, ಇನ್ನೊಂದು ಕಡೆ ಹಿಂದೆ ಉಳಿಯುತ್ತಿದೆ ಎಂದರೆ ತಕ್ಷಣ ಬಟನ್ ಬಿಡಿ. ಒಂದು ಸಿಲಿಂಡರ್ ಸೋತಿದೆ. ಇನ್ನೊಂದು ಸಲ ನೋಡೋಣ ಎಂದು ಒತ್ತಿದರೆ ಫ್ರೇಮ್ ಸೊಟ್ಟಗಾಗುತ್ತದೆ. ಸಿಲಿಂಡರಿಗೆ ಸೀಲ್ ಹಾಕಿಸಬಹುದು. ಸೊಟ್ಟಗಾದ ಫ್ರೇಮನ್ನು ಮೊದಲಿನ ಹಾಗೆ ಮಾಡಿದವರನ್ನು ನಾನು ನೋಡಿಲ್ಲ.

ಅರ್ಧಕ್ಕೆ ನಿಲ್ಲುತ್ತದೆ

ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಆ ಹಂತದ ಮೈಕ್ರೋ ಸ್ವಿಚ್ ಮೇಲೆ ಅನುಮಾನ ಪಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಬ್ಯಾಟರಿ ಅಥವಾ ಸಡಿಲ ಕನೆಕ್ಷನ್. ನಮ್ಮ ಕಡೆ ಕ್ರಷರ್ ಧೂಳು ಜಾಸ್ತಿ. ಹಿಟ್ಟಿನಂಥ ಆ ಕಲ್ಲಿನ ಪುಡಿ ಮುಂದಿನ ಲಾಕಿನ ಗೂಡಿಗೆ ಇಳಿದು, ಅಲ್ಲಿ ಹಚ್ಚಿದ ಗ್ರೀಸಿಗೆ ಅಂಟಿ ಗಟ್ಟಿ ಪೇಸ್ಟ್ ಆಗುತ್ತದೆ. ಕೊಂಡಿ ಪೂರ್ತಿ ಒಳಗೆ ಹೋಗುವುದಿಲ್ಲ, ಸ್ವಿಚ್ ಒತ್ತುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಆ ಗೂಡನ್ನು ಶುಚಿ ಮಾಡಿ. ಬರೀ ಇಷ್ಟರಿಂದಲೇ ಸರಿಹೋದ ಗಾಡಿಗಳಿವೆ.

ಗಾಡಿಯ ಯೂನಿಟ್ಟುಗಳಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿಸುವುದಾದರೆ ಒಂದು ಮಾತು ನೆನಪಿರಲಿ. ಫೋನಿಗೆ ಕನೆಕ್ಟ್ ಆಗುವ ಅಗ್ಗದ ಒಬಿಡಿ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ನಿನ ದೋಷ ಮಾತ್ರ ಓದುತ್ತದೆ. ಟಾಪಿನ ಯೂನಿಟ್ಟಿನ ಒಳಗೆ ಹೋಗಿ ಪ್ರತಿ ಸ್ವಿಚ್ಚಿನ ಸ್ಥಿತಿಯನ್ನು ತೋರಿಸುವ ಸ್ಕ್ಯಾನರ್ ಬೇಕು. ಅದನ್ನು ಹಾಕಿ, ಟಾಪ್ ನಿಂತ ಕ್ಷಣದಲ್ಲಿ ಯಾವ ಸ್ವಿಚ್ ಬದಲಾಗಲಿಲ್ಲ ಎಂದು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಾಗೆ ನೋಡದೆ "ಪಂಪ್ ಬದಲಾಯಿಸಿ" ಅಂದವರಿಗೆ ದುಡ್ಡು ಕೊಡಬೇಡಿ.

ರಸ್ತೆಯಲ್ಲಿ ಕೈಯಿಂದ ಮುಚ್ಚುವುದು

ಮಳೆ ಬರುವ ಹಾಗಿದೆ, ಟಾಪ್ ತೆರೆದೇ ನಿಂತಿದೆ. ಇಂಥ ಹೊತ್ತಿಗೆ ಎಷ್ಟೋ ಗಾಡಿಗಳಲ್ಲಿ ಒಂದು ದಾರಿ ಇಟ್ಟಿರುತ್ತಾರೆ. ಆಯಿಲಿನಿಂದ ಏಳುವ ಟಾಪಾದರೆ ಸಾಮಾನ್ಯವಾಗಿ ಪಂಪಿನ ಮೇಲೆ ಒಂದು ವಾಲ್ವ್ ಇರುತ್ತದೆ. ಇಗ್ನಿಷನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಪುಸ್ತಕದಲ್ಲಿ ಹೇಳಿದಷ್ಟು ಮಾತ್ರ ವಾಲ್ವನ್ನು ಅಲೆನ್ ಕೀಯಿಂದ ತಿರುಗಿಸಿ. ಒತ್ತಡ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಈಗ ಇಬ್ಬರು ಎರಡೂ ಕಡೆ ನಿಂತು ಒಟ್ಟಿಗೆ ಎತ್ತಬೇಕು. ಒಬ್ಬರೇ ಎತ್ತಿದರೆ ಫ್ರೇಮ್ ಓರೆಯಾಗುತ್ತದೆ. ಮುಂದಿನ ಲಾಕಿಗೂ ಸಾಮಾನ್ಯವಾಗಿ ಅಲೆನ್ ಕೀ ಹಾಕಿ ತಿರುಗಿಸುವ ತೂತು ಇರುತ್ತದೆ. ಅದನ್ನು ಪೂರ್ತಿ ಬಿಗಿ ಮಾಡಿ.

ಲಾಕ್ ಬೀಳಲಿಲ್ಲ ಎಂದರೆ ಹೈವೇಗೆ ಇಳಿಯಬೇಡಿ. ಗಾಳಿ ಸಂದಿಯಿಂದ ನುಗ್ಗಿದರೆ ಟಾಪನ್ನು ಹಿಂದಕ್ಕೆ ಕಿತ್ತು ಎಸೆಯುತ್ತದೆ. ರಿಕವರಿ ಗಾಡಿ ಕರೆಸಿಕೊಳ್ಳುವುದೇ ಕ್ಷೇಮ. ರಿಪೇರಿಗೆ ಹೋದಾಗ "ವಾಲ್ವ್ ತೆರೆದಿದ್ದೇನೆ" ಎಂದು ಮೆಕ್ಯಾನಿಕ್‌ಗೆ ಹೇಳುವುದನ್ನು ಮರೆಯಬೇಡಿ.

ಇದನ್ನು ಒಮ್ಮೆ ಮನೆಯ ಮುಂದೆ ಬಿಡುವಿದ್ದಾಗ ಪುಸ್ತಕ ಹಿಡಿದು ಅಭ್ಯಾಸ ಮಾಡಿಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ ಮೊದಲ ಸಲ ಹುಡುಕುವುದು ಕಷ್ಟ.

ನೀರಿನ ದಾರಿ

ಈ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಬಟ್ಟೆ ಟಾಪಿನ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಟಾಪ್ ಮಡಚಿ ಕೂರುವ ಗುಂಡಿಯ ಅಂಚಿನ ಕಾಲುವೆಗೆ ಇಳಿಯುತ್ತದೆ. ಅಲ್ಲಿಂದ ಎರಡೂ ಬದಿಯ ರಬ್ಬರ್ ಪೈಪುಗಳ ಮೂಲಕ ಗಾಡಿಯ ಕೆಳಗೆ ಹೋಗಬೇಕು. ಪೈಪಿನ ಬಾಯಿ ಕಟ್ಟಿಕೊಂಡರೆ ನೀರು ಡಿಕ್ಕಿಗೋ ಸೀಟಿನ ಕೆಳಕ್ಕೋ ನುಗ್ಗುತ್ತದೆ. ಬಿಎಂಡಬ್ಲ್ಯು ಝಡ್4ರ ಮೊದಲ ತಲೆಮಾರಿನಲ್ಲಿ ಪಂಪಿನ ಮೋಟಾರ್ ಇರುವುದೇ ಈ ನೀರು ಇಳಿಯುವ ತಗ್ಗಿನಲ್ಲಿ. ಪೈಪ್ ಕಟ್ಟಿಕೊಂಡರೆ ಮೋಟಾರ್ ಮುಳುಗುತ್ತದೆ.

ನಮ್ಮ ಭಾವನವರ ಗಾಡಿಗೂ ಹೀಗೇ ಆಯಿತು. ಅವರದು ಸೆಕೆಂಡ್ ಹ್ಯಾಂಡ್ ಗಾಡಿ, ಜೀವದಂತೆ ನೋಡಿಕೊಳ್ಳುತ್ತಿದ್ದರು. ನೆರಳಿರಲಿ ಎಂದು ಮನೆಯ ಮುಂದಿನ ಹೊಂಗೆ ಮರದ ಕೆಳಗೇ ನಿಲ್ಲಿಸುತ್ತಿದ್ದರು. ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ನಾಲ್ಕನೆಯ ದಿನ "ಕಾರಿನಲ್ಲಿ ಮುಗ್ಗಲು ವಾಸನೆ ಕಣಯ್ಯಾ" ಎಂದು ಫೋನ್ ಮಾಡಿದರು. ಅವತ್ತೇ ಹೋಗಬೇಕಿತ್ತು. ನಾನು ಹೋಗುವಷ್ಟರಲ್ಲಿ ಎರಡು ವಾರ ಕಳೆದು ಟಾಪ್ ಮೂಕವಾಗಿತ್ತು.

ಡಿಕ್ಕಿಯ ಬದಿಯ ಹೊದಿಕೆ ಬಿಚ್ಚಿದೆ. ಸದ್ದು ಕೇಳಬಾರದು ಎಂದು ಪಂಪಿನ ಸುತ್ತ ಸ್ಪಂಜು ಸುತ್ತಿರುತ್ತಾರೆ. ಆ ಸ್ಪಂಜನ್ನು ಹಿಂಡಿದರೆ ಕಂದು ನೀರು ಮೊಣಕೈವರೆಗೆ ಇಳಿಯಿತು. ಕನೆಕ್ಟರಿನ ಪಿನ್ನುಗಳು ಹಸಿರು ಕಟ್ಟಿದ್ದವು. ಮೋಟಾರಿನ ಕೆಳಭಾಗ ಪೂರ್ತಿ ತುಕ್ಕು. ಕಾಲುವೆಯ ಮೂಲೆಗೆ ಬೆರಳು ಹಾಕಿದೆ. ಬೇಸಿಗೆಯಲ್ಲಿ ಉದುರಿದ ಹೊಂಗೆ ಹೂವು, ಎಲೆಯ ಚೂರು, ಕಲ್ಲಿನ ಧೂಳು ಸೇರಿ ಸಗಣಿಯಂತೆ ಮೆತ್ತಿಕೊಂಡಿತ್ತು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿದಾಗ ಗುಳುಗುಳು ಎಂದು ನೀರು ಗಾಡಿಯ ಕೆಳಗೆ ಸುರಿಯಿತು. ಎರಡು ನಿಮಿಷದ ಕೆಲಸ. ಅದನ್ನು ಮೇ ತಿಂಗಳಲ್ಲಿ ಮಾಡಿದ್ದರೆ ಪಂಪ್ ಉಳಿಯುತ್ತಿತ್ತು. ಹೊಸ ಪಂಪಿಗೆ ಕೊಟ್ಟ ದುಡ್ಡಿನಲ್ಲಿ ಭಾವ ಒಂದು ಒಳ್ಳೆ ಕರಾವಿನ ಹಸು ತರಬಹುದಿತ್ತು.

ನೀವು ಮಾಡಬೇಕಾದದ್ದು ಇಷ್ಟು. ಟಾಪನ್ನು ಅರ್ಧ ತೆರೆದಾಗ ಹಿಂಬದಿ ಕಾಲುವೆ ಕಾಣುತ್ತದೆ. ಸರ್ವಿಸ್‌ಗಾಗಿ ಟಾಪನ್ನು ಅರ್ಧಕ್ಕೆ ನಿಲ್ಲಿಸುವ ಕ್ರಮ ಪುಸ್ತಕದಲ್ಲಿದ್ದರೆ ಹಾಗೇ ಮಾಡಿ, ಫ್ರೇಮಿಗೆ ಮರದ ಕೋಲಿನ ಆಸರೆ ಕೊಡಿ, ಆಮೇಲೆ ಕೈ ಹಾಕಿ. ಕಸವನ್ನು ಕೈಯಿಂದಲೇ ಎತ್ತಿ ಹೊರಗೆ ಹಾಕಿ, ಪೈಪಿನೊಳಗೆ ತಳ್ಳಬೇಡಿ. ಅರ್ಧ ಲೀಟರ್ ನೀರು ನಿಧಾನವಾಗಿ ಹುಯ್ದು, ಗಾಡಿಯ ಕೆಳಗೆ ಬಗ್ಗಿ ನೋಡಿ. ಎರಡೂ ಬದಿ ನೀರು ಬರಬೇಕು. ಬರದಿದ್ದರೆ ನೈಲಾನ್ ದಾರ. ಕಬ್ಬಿಣದ ತಂತಿ ಬೇಡ, ಪೈಪ್ ತೂತಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಜೋರಾಗಿ ಬಿಡಿಸಬೇಡಿ, ಒಳಗೆ ಪೈಪಿನ ಜಾಯಿಂಟ್ ಬಿಟ್ಟುಕೊಂಡರೆ ನೀರು ಸೀದಾ ಡಿಕ್ಕಿಯೊಳಗೇ. ಮುಂಗಾರಿಗೆ ಮುಂಚೆ ಒಮ್ಮೆ, ಗಣೇಶ ಹಬ್ಬದ ಹೊತ್ತಿಗೆ ಇನ್ನೊಮ್ಮೆ ಮಾಡಿ. ನಮ್ಮ ಜಿಲ್ಲೆಗೆ ದೊಡ್ಡ ಮಳೆ ಬರುವುದೇ ಹಿಂಗಡೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮರದ ಕೆಳಗೆ ನಿಲ್ಲಿಸುವವರು ತಿಂಗಳಿಗೊಮ್ಮೆ ನೋಡಿ.

ತೊಳೆಯುವುದು

ಇದು ಮೋಟಾರ್ ಇಲ್ಲದ ಬಟ್ಟೆ ಟಾಪಿನ ಥಾರ್, ಜೀಪ್ ಇಟ್ಟುಕೊಂಡವರಿಗೂ ಬೇಕಾಗುತ್ತದೆ.

ಟಾಪುಗಳಲ್ಲಿ ಎರಡು ಜಾತಿ. ನೇಯ್ಗೆ ಕಾಣುವ ಕ್ಯಾನ್ವಾಸ್ ಒಂದು. ಅದರಲ್ಲಿ ಮೇಲೆ ನೇಯ್ದ ಬಟ್ಟೆ, ನಡುವೆ ನೀರು ತಡೆಯುವ ರಬ್ಬರ್, ಒಳಗೆ ಅಸ್ತರಿನ ಬಟ್ಟೆ ಎಂದು ಮೂರು ಪದರ ಇರುತ್ತದೆ. ರೆಕ್ಸಿನ್ ತರಹ ಹೊಳೆಯುವ ವಿನೈಲ್ ಇನ್ನೊಂದು. ನೀರು ತಡೆಯಲು ಕ್ಯಾನ್ವಾಸಿಗೆ ಹೊಡೆಯುವ ಸ್ಪ್ರೇ ವಿನೈಲಿಗೆ ಆಗುವುದಿಲ್ಲ, ವಿನೈಲಿನದ್ದು ಕ್ಯಾನ್ವಾಸಿಗೆ ಆಗುವುದಿಲ್ಲ.

ಮೊದಲು ಒಣ ಧೂಳು ತೆಗೆಯಿರಿ. ಮೃದು ಬ್ರಷ್ ಅಥವಾ ಮನೆಯ ವ್ಯಾಕ್ಯೂಮ್ ಸಾಕು. ಕಲ್ಲಿನ ಧೂಳಿನ ಮೇಲೆ ನೇರವಾಗಿ ನೀರು ಹಾಕಿ ಉಜ್ಜಿದರೆ ಅದು ಮರಳು ಕಾಗದವೇ ಆಗಿಬಿಡುತ್ತದೆ. ಆಮೇಲೆ ಧಾರಾಳ ನೀರು. ಆಮೇಲೆ ಬಟ್ಟೆ ಟಾಪಿನ ಕ್ಲೀನರ್, ಇಲ್ಲವೇ ಸೌಮ್ಯ ಕಾರ್ ಶಾಂಪೂ. ನೇಯ್ಗೆ ಹೋದ ದಿಕ್ಕಿನಲ್ಲೇ ಬ್ರಷ್ ಆಡಿಸಿ. ಬಟ್ಟೆ ಸೋಪಿನ ಪುಡಿ, ಬ್ಲೀಚ್ ಬೇಡವೇ ಬೇಡ, ನೀರು ತಡೆಯುವ ಲೇಪ ಕಿತ್ತುಹೋಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ ಟಾಪಿನ ಹತ್ತಿರ ತರಿಸಬೇಡಿ. ಹೊಲಿಗೆಯ ದಾರ, ಗಾಜಿನ ಅಂಚಿನ ಅಂಟು ಎರಡೂ ಬಿಟ್ಟುಕೊಳ್ಳುತ್ತವೆ.

ನಮ್ಮ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತದೆ, ಕಪ್ಪು ಟಾಪಿಗೆ ಕಟ್ಟದೆ ಇರುತ್ತದಾ? ತೊಳೆಯಲು ಬೋರ್ ನೀರೇ ಆಗಲಿ. ಕೊನೆಯ ಸಲ ಮಾತ್ರ ಮಳೆ ನೀರು ಅಥವಾ ಫಿಲ್ಟರ್ ನೀರಿನ ಒಂದು 20 ಲೀಟರ್ ಕ್ಯಾನ್ ಸುರಿಯಿರಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ದ್ರಾಕ್ಷಿ ತೋಟದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇನ್ನೊಂದು ಕಾಟ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಗಾಳಿಗೆ ಹಾರಿ ಟಾಪಿನ ಮೇಲೆ ತಿಳಿನೀಲಿ ಚುಕ್ಕೆ ಬೀಳುತ್ತದೆ. ಒಣಗಿದ ಪುಡಿಯನ್ನು ಮೊದಲು ಬ್ರಷ್ಷಿನಿಂದ ಹಗುರವಾಗಿ ತೆಗೆದು, ಆಮೇಲೆ ತೊಳೆಯಿರಿ. ಕಲೆ ಉಳಿದರೆ ಒಂದು ಪಾಲು ಬಿಳಿ ವಿನೆಗರಿಗೆ ಹತ್ತು ಪಾಲು ನೀರು ಸೇರಿಸಿ, ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಹಚ್ಚಿ ತೊಳೆದುಬಿಡಿ. ಹಕ್ಕಿ ಹಿಕ್ಕೆಗೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ, ನೆನೆದ ಮೇಲೆ ಎತ್ತಿ. ಉಜ್ಜಿದರೆ ಒಳಕ್ಕೆ ಇಳಿಯುತ್ತದೆ. ಮರದ ಅಂಟಿಗೆ ಸೀಮೆಎಣ್ಣೆ, ಪೆಟ್ರೋಲ್ ಹಚ್ಚಬೇಡಿ. ನಡುವಿನ ರಬ್ಬರ್ ಪದರ ಕರಗುತ್ತದೆ.

ಪೂರ್ತಿ ಒಣಗುವವರೆಗೆ ಟಾಪ್ ಮಡಚಬೇಡಿ. ಬೆಟ್ಟದ ಮಂಜಿನಲ್ಲಿ ಒದ್ದೆಯಾದದ್ದೂ ಒದ್ದೆಯೇ. ಒದ್ದೆ ಬಟ್ಟೆ ಮಡಿಕೆಯಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ದಾರಿ ಇಲ್ಲದೆ ಮಡಚಿದ್ದರೆ ಮನೆಗೆ ಬಂದ ತಕ್ಷಣ ತೆರೆದು ಒಣಗಿಸಿ.

ನೀರು ಟಾಪಿನ ಮೇಲೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತಿದ್ದರೆ ಲೇಪ ಚೆನ್ನಾಗಿದೆ. ನೀರು ಹೀರಿಕೊಂಡು ಬಟ್ಟೆ ಕಪ್ಪಾದರೆ ಹೊಸದಾಗಿ ಸ್ಪ್ರೇ ಹೊಡೆಯುವ ಕಾಲ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಗಾಜಿಗೆ, ಪೇಂಟಿಗೆ ಪೇಪರ್ ಅಂಟಿಸಿ, ನೆರಳಿನಲ್ಲಿ ಹೊಡೆದು, ಒಂದು ದಿನ ಒಣಗಲು ಬಿಡಿ.

ಬೀಡಿಂಗ್, ಹಿಂದಿನ ಗಾಜು, ಹರಿದ ಬಟ್ಟೆ

ರಬ್ಬರ್ ಬೀಡಿಂಗ್‌ಗೆ ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚುವ ಅಭ್ಯಾಸ ಬಿಡಿ. ಮೊದಲು ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ರಬ್ಬರ್ ಊದಿ ಬಿರಿಯುತ್ತದೆ. ರಬ್ಬರಿಗೆಂದೇ ಬರುವ ಲೇಪ ತೆಳುವಾಗಿ ಹಚ್ಚಿ ಒರೆಸಿ.

ಹಳೆ ಗಾಡಿಗಳ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಅದು ಸೆಟೆದುಕೊಂಡಿರುತ್ತದೆ. ಆಗ ಮಡಚಿದರೆ ಅಡ್ಡಲಾಗಿ ಸೀಳುತ್ತದೆ. ಬಿಸಿಲು ಬಿದ್ದು ಮೆತ್ತಗಾದ ಮೇಲೆ ತೆರೆಯಿರಿ. ಮಡಿಕೆಯಲ್ಲಿ ಒಂದು ಟವೆಲ್ ಸುತ್ತಿ ಇಡಿ.

ಗಾಜಿನ ಕಿಟಕಿಯಾದರೆ ಬರುವ ತೊಂದರೆ ಬೇರೆ. ಅಂಚಿನ ಅಂಟು ಬಿಟ್ಟು ಬಟ್ಟೆಗೂ ಗಾಜಿಗೂ ನಡುವೆ ಬೆರಳು ತೂರುವಷ್ಟು ಸಂದಿಯಾಗುತ್ತದೆ. ಎಲ್ಲರೂ ಫೆವಿಕ್ವಿಕ್ ಹಾಕುತ್ತಾರೆ. ಅದು ಗಟ್ಟಿಯಾಗಿ ಒಣಗುವ ಅಂಟು, ಟಾಪ್ ಬಾಗಿದ ಮೊದಲ ದಿನವೇ ಒಡೆಯುತ್ತದೆ. ವಿಂಡ್‌ಶೀಲ್ಡ್ ಕೂರಿಸುವವರು ಬಳಸುವ, ಒಣಗಿದ ಮೇಲೂ ರಬ್ಬರಿನಂತೆ ಬಾಗುವ ಯುರೆಥೇನ್ ಅಂಟು ಬೇಕು. ಹಳೆ ಅಂಟನ್ನು ಪೂರ್ತಿ ಕೆರೆದು, ಹೊಸದು ಹಚ್ಚಿ, ಒಂದು ದಿನ ಒತ್ತಿಟ್ಟು ಬಿಡಬೇಕು.

ಬಟ್ಟೆಯಲ್ಲಿ ಚಿಕ್ಕ ತೂತು ಕಂಡರೆ ಅದರ ಕೆಳಗೆ ಫ್ರೇಮಿನ ಯಾವ ಮೂಲೆ ಬರುತ್ತದೆ ನೋಡಿ. ಒಳಗೆ ಬಟ್ಟೆಯನ್ನು ಎಳೆದು ಹಿಡಿಯುವ ಎಲಾಸ್ಟಿಕ್ ಪಟ್ಟಿಗಳಿರುತ್ತವೆ. ಅವು ಸಡಿಲವಾದರೆ ಬಟ್ಟೆ ಮಡಚುವಾಗ ಕೀಲಿಗೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ. ಪಟ್ಟಿ ಬದಲಾಯಿಸದೆ ಬರೀ ತೇಪೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ತೇಪೆಗೆ ಕುಷನ್ ಕೆಲಸದವರೇ ಸರಿ. ಬಿಸಿಲಿಗೆ ತಡೆಯುವ ಪಾಲಿಯೆಸ್ಟರ್ ದಾರದಲ್ಲಿ ಹೊಲಿದು, ಹೊಲಿಗೆಯ ತೂತುಗಳಿಗೆ ಸೀಲರ್ ಹಚ್ಚಲು ಹೇಳಿ. ಹತ್ತಿ ದಾರ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ.

ತಿಂಗಳುಗಟ್ಟಲೆ ಓಡಿಸದಿದ್ದರೂ ತಿಂಗಳಿಗೊಮ್ಮೆ ಟಾಪ್ ತೆರೆದು ಮುಚ್ಚಿ. ಇಡುವಾಗ ಮುಚ್ಚಿಯೇ ಇಡಿ, ಮಡಚಿಟ್ಟರೆ ಗೀರು ಕೂರುತ್ತದೆ, ಇಲಿಗೆ ಒಳ್ಳೆ ಗೂಡಾಗುತ್ತದೆ. ಮುಚ್ಚುವ ಮುಂಚೆ ಹಿಂದಿನ ಸೀಟಿನಲ್ಲಿ ಕಡಲೆಕಾಯಿ ಸಿಪ್ಪೆ, ಬಿಸ್ಕತ್ ಚೂರು ಬಿದ್ದಿವೆಯಾ ನೋಡಿ. ನಂದಿ ಬೆಟ್ಟದ ಮೇಲೆ ನಿಲ್ಲಿಸುವಾಗಲೂ ಇದೇ ಮಾತು. ಅಲ್ಲಿನ ಕೋತಿಗಳಿಗೆ ತಿಂಡಿಯ ವಾಸನೆ ಬಂದರೆ ಬಟ್ಟೆ ಟಾಪ್ ಒಂದು ಅಡ್ಡಿಯೇ ಅಲ್ಲ. ಬಾಳೆಹಣ್ಣು, ಚುರುಮುರಿ ಪೊಟ್ಟಣ ಎಲ್ಲವನ್ನೂ ಡಿಕ್ಕಿಗೆ ಹಾಕಿ, ಪರದೆ ಟಕ್ ಅಂದಿತಾ ನೋಡಿಕೊಂಡು ಮುಚ್ಚಿ.